ಹಾಲುಹಲ್ಲು ಬೀಳುವ ಮೊದಲೇ ಹಿಂದೆ ಹೊಸ ಹಲ್ಲು ಬಂದರೆ

ಆರೇಳು ವರ್ಷದ ಮಗುವಿನ ಕೆಳದವಡೆಯಲ್ಲಿ ಮುಂದಿನ ಹಾಲುಹಲ್ಲು ಇನ್ನೂ ಬಿದ್ದಿರುವುದಿಲ್ಲ, ಆಗಲೇ ಅದರ ಹಿಂದೆ, ನಾಲಿಗೆಯ ಬದಿಯಲ್ಲಿ, ಹೊಸ ಹಲ್ಲಿನ ಸಣ್ಣ ಗರಗಸದಂಥ ಅಂಚು ಕಾಣಿಸಿಕೊಳ್ಳುತ್ತದೆ. ಎರಡು ಸಾಲು ಹಲ್ಲು ನೋಡಿ ತಂದೆತಾಯಿಗೆ ಗಾಬರಿಯಾಗುವುದು ಸಹಜ. ಆದರೆ ಅನೇಕ ಮಕ್ಕಳಲ್ಲಿ ಹೀಗಾಗುತ್ತದೆ, ಹೆಚ್ಚಿನವರಲ್ಲಿ ಚಿಕಿತ್ಸೆಯಿಲ್ಲದೆಯೇ ಸರಿಹೋಗುತ್ತದೆ.

ಶಾಶ್ವತ ಬಾಚಿಹಲ್ಲುಗಳು ಮೂಳೆಯೊಳಗೆ ಬೆಳೆಯುವುದೇ ಹಾಲುಹಲ್ಲಿನ ಬೇರಿನ ಹಿಂಬದಿಯಲ್ಲಿ. ಅವು ಮೇಲೇರುತ್ತ ಬಂದಂತೆ ಬೇರು ಕರಗಿ, ಹಾಲುಹಲ್ಲು ಸಡಿಲವಾಗಿ ಬೀಳಬೇಕು. ಹೊಸ ಹಲ್ಲು ತುಸು ಹಿಂದಕ್ಕೆ ಸರಿದು ಬಂದರೆ ಬೇರು ಪೂರ್ತಿ ಕರಗದೆ ಹಳೆಯ ಹಲ್ಲು ಅಲ್ಲೇ ಉಳಿಯುತ್ತದೆ.

ಮೊದಲು ಕೈ ಚೆನ್ನಾಗಿ ತೊಳೆದುಕೊಂಡು, ಹಾಲುಹಲ್ಲನ್ನು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲ್ಲಾಡಿಸಿ ನೋಡಬೇಕು. ಅಲ್ಲಾಡುತ್ತಿದ್ದರೆ, ದಿನಕ್ಕೆ ನಾಲ್ಕಾರು ಬಾರಿ ನಾಲಿಗೆಯಿಂದಲೋ ಬೆರಳಿನಿಂದಲೋ ಅದನ್ನು ಆಡಿಸುವಂತೆ ಮಗುವಿಗೆ ಹೇಳಬಹುದು; ಸೀಬೆಹಣ್ಣು, ಕ್ಯಾರೆಟ್‌ಗಳನ್ನು ಕಚ್ಚಿ ತಿನ್ನಲು ಕೊಡುವುದೂ ಒಳ್ಳೆಯದು. ದಾರ ಕಟ್ಟಿ ಎಳೆಯುವುದು ಮಾತ್ರ ಬೇಡವೇ ಬೇಡ: ಬೇರು ಇನ್ನೂ ಗಟ್ಟಿಯಾಗಿದ್ದರೆ ಅದು ಮುರಿದು ಒಳಗುಳಿಯಬಹುದು, ವಸಡು ಹರಿಯಬಹುದು, ಎಲ್ಲಕ್ಕಿಂತ ಮಿಗಿಲಾಗಿ ಮಗುವಿಗೆ ಹಲ್ಲಿನ ವಿಷಯದಲ್ಲಿ ಬಹುಕಾಲ ಉಳಿಯುವ ಭಯ ಹುಟ್ಟಬಹುದು. ಹಲ್ಲು ತಾನಾಗಿ ಬಿದ್ದಾಗ ರಕ್ತ ಬಂದರೆ, ಶುಭ್ರವಾದ ಬಟ್ಟೆಯ ಮಡಿಕೆಯನ್ನು ಹತ್ತು ಹದಿನೈದು ನಿಮಿಷ ಕಚ್ಚಿ ಹಿಡಿದರೆ ಸಾಕು. ಜಾಗ ಖಾಲಿಯಾದ ಮೇಲೆ ನಾಲಿಗೆಯ ಒತ್ತಡವೇ ಹೊಸ ಹಲ್ಲನ್ನು ತಿಂಗಳುಗಳಲ್ಲಿ ನಿಧಾನವಾಗಿ ಮುಂದಕ್ಕೆ ತಳ್ಳುತ್ತದೆ.

ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಆಹಾರ ಸಿಕ್ಕಿಕೊಂಡು ವಸಡು ಊದಿಕೊಳ್ಳುವುದುಂಟು. ಆದ್ದರಿಂದ ಮೃದುವಾದ ಬ್ರಷ್‌ಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ, ನಾಲಿಗೆಯ ಬದಿಯಿಂದಲೂ ದಿನಕ್ಕೆರಡು ಬಾರಿ ನೀವೇ ಉಜ್ಜಿಕೊಡಿ. ಈ ವಯಸ್ಸಿನ ಮಕ್ಕಳ ಕೈಗೆ ಅಷ್ಟು ಹದ ಇನ್ನೂ ಬಂದಿರುವುದಿಲ್ಲ.

ಹಾಲುಹಲ್ಲು ಸ್ವಲ್ಪವೂ ಅಲ್ಲಾಡದಿದ್ದರೆ, ಹೊಸ ಹಲ್ಲು ಕಂಡು ಎರಡು ಮೂರು ತಿಂಗಳಾದರೂ ಬೀಳದಿದ್ದರೆ, ಅಥವಾ ನೋವು, ಊತ, ಕೀವು ಕಂಡರೆ ದಂತವೈದ್ಯರ ಬಳಿ ಹೋಗಬೇಕು. ಮೇಲ್ದವಡೆಯಲ್ಲಿ ಹೀಗಾದರೆ ಅಷ್ಟು ಕಾಯುವುದೂ ಸರಿಯಲ್ಲ, ಏಕೆಂದರೆ ಮೇಲಿನ ಹೊಸ ಹಲ್ಲು ಕೆಳಗಿನ ಹಲ್ಲುಗಳ ಹಿಂದೆ ಸಿಕ್ಕಿಕೊಂಡರೆ ನಾಲಿಗೆ ಎಷ್ಟು ಒತ್ತಿದರೂ ಮುಂದೆ ಬರಲಾರದು. ವೈದ್ಯರು ಅಗತ್ಯವಿದ್ದರೆ ಎಕ್ಸ್-ರೇ ತೆಗೆದು ಬೇರಿನ ಸ್ಥಿತಿ ನೋಡಿ, ಮರಗಟ್ಟಿಸುವ ಮದ್ದು ಕೊಟ್ಟು ಹಾಲುಹಲ್ಲನ್ನು ಕೀಳುತ್ತಾರೆ.

ಸುಮಾರು ಆರನೆಯ ವರ್ಷದಲ್ಲಿ ಹಾಲುಹಲ್ಲುಗಳೆಲ್ಲದರ ಹಿಂದೆ, ಯಾವ ಹಲ್ಲೂ ಬೀಳದೆಯೇ, ದೊಡ್ಡದೊಂದು ದವಡೆಹಲ್ಲು ಬರುತ್ತದೆ. ಅದು ಬರಬೇಕಾದದ್ದೇ ಅಲ್ಲಿ. ಅದನ್ನು ಹಾಲುಹಲ್ಲೆಂದು ತಿಳಿದು, ಹುಳುಕಾದರೂ ಬಿದ್ದುಹೋಗುತ್ತದೆಂದು ಸುಮ್ಮನಿರುವವರು ಬಹಳ. ಆ ಹಲ್ಲು ಮತ್ತೆ ಹುಟ್ಟುವುದಿಲ್ಲವಾದ್ದರಿಂದ, ಉಜ್ಜುವಾಗ ಬ್ರಷ್ ಅಲ್ಲಿಯವರೆಗೂ ತಲುಪಲೇಬೇಕು.