ಎರಡು ಚಾಪೆ ಜಾಗದಲ್ಲಿ ಚಹಾ ಕೋಣೆ: ನನ್ನ ಅನುಭವ

ಒಸಾಕಾದ ಹಳೇ ಅಪಾರ್ಟ್‌ಮೆಂಟ್ ಒಂದರ ರಿನೋವೇಶನ್ ಕೆಲಸ. ಮನೆಯವರು ವಯಸ್ಸಾದ ದಂಪತಿ. ಒಂದು ಮೂಲೆಯಲ್ಲಿ ಎರಡು ತತಾಮಿ ಚಾಪೆ ಹಿಡಿಸುವಷ್ಟು ಚಹಾ ಕೋಣೆ, ಅಂದರೆ ಜಪಾನಿ ಪದ್ಧತಿಯಲ್ಲಿ ಅತಿಥಿಗೆ ಚಹಾ ಮಾಡಿ ಕೊಡುವ ಕೋಣೆ, ಬೇಕು ಅಂದರು. ಅಳತೆ ಹೆಚ್ಚುಕಡಿಮೆ ಆರಡಿಗೆ ಆರಡಿ. ನಮ್ಮ ಕಡೆ ಸ್ಟೋರ್ ರೂಮೇ ಇದಕ್ಕಿಂತ ದೊಡ್ಡದಿರುತ್ತದೆ, ಅಲ್ವಾ?

ಮೊದಲು ಕ್ಯೋಟೋ ಹತ್ತಿರದ ಯಾಮಾಝಾಕಿಗೆ ಹೋಗಿ ತೈಆನ್ ಅನ್ನುವ ಹಳೇ ಚಹಾ ಕೋಣೆ ನೋಡಿದೆ. 1582ರ ಸುಮಾರಿಗೆ ಚಹಾ ಗುರು ಸೆನ್ ನೊ ರಿಕ್ಯೂ ಕಟ್ಟಿಸಿದ್ದು ಅನ್ನುತ್ತಾರೆ, ಅದೂ ಎರಡೇ ಚಾಪೆಯದು. ಒಳಗೆ ಬಿಡುವುದಿಲ್ಲ, ಹೊರಗಿನಿಂದ ಬಗ್ಗಿ ನೋಡಬೇಕು. ಗೋಡೆಯ ಮಣ್ಣಿನಲ್ಲಿ ಹುಲ್ಲಿನ ಎಳೆ ಹಾಗೇ ಕಾಣುತ್ತದೆ. ಹಿಂಬದಿಯ ಗೂಡಿನಲ್ಲಿ ಮೂಲೆಯ ಕಂಬಕ್ಕೂ ಮಣ್ಣು ಮೆತ್ತಿ ದುಂಡಗೆ ಮಾಡಿದ್ದಾರೆ. ಹಾಗಾಗಿ ಮೂಲೆ ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಜಾಗ ಜಾಸ್ತಿ ಇದ್ದ ಹಾಗೆ ಅನಿಸುತ್ತದೆ. ಇದನ್ನು ಸೀದಾ ಎತ್ತಿಕೊಂಡೆ.

ಜರ್ಮನಿ ಮೂಲದ ವಾಸ್ತುಶಿಲ್ಪಿಗಳಾದ ಬ್ರೂನೋ ಟೌಟ್ 1933ರಲ್ಲಿ, ಗ್ರೋಪಿಯಸ್ 1954ರಲ್ಲಿ ಕ್ಯೋಟೋದ ಕತ್ಸುರಾ ಅರಮನೆ ನೋಡಿ ಮರುಳಾದರು. ಬರಿಯ ಮರ, ಸರಿಯುವ ಪರದೆ, ಚಾಪೆಯ ಅಳತೆಗೆ ಹೊಂದಿದ ಕೋಣೆ, ಇದೆಲ್ಲ ಆಧುನಿಕ ವಾಸ್ತುಶಿಲ್ಪಿಗಳಿಗೆ ತಮ್ಮದೇ ಶೈಲಿ ಅನಿಸಿತು. ಆದರೆ ಅಲ್ಲೇ ಇರುವ ಶೋಕಿನ್‌ತೇ ಚಹಾ ಮಂಟಪದಲ್ಲಿ ನೀಲಿ-ಬಿಳಿ ಚೌಕುಳಿಯ ಕಾಗದ ಅಂಟಿಸಿದ್ದಾರೆ, ಅದೇನು ಸಾದಾ ಅಲ್ಲ! ನನ್ನ ಪ್ರಕಾರ ಚಹಾ ಮನೆಯಿಂದ ಕಲಿಯಬೇಕಾದ್ದು ಖಾಲಿ ಗೋಡೆಯಲ್ಲ, ಒಳಗೆ ಹೋಗುವ ರೀತಿ ಮತ್ತು ಎತ್ತರ.

ಕಂಪ್ಯೂಟರ್ ಬದಿಗಿಟ್ಟು ಓಕೋಶಿ-ಎಝು ಮಾಡಿದೆ. ಚಹಾ ಕೋಣೆಗಳಿಗೆ ಹಿಂದಿನಿಂದ ಬಂದ ಪದ್ಧತಿ ಇದು: ನಕ್ಷೆಯ ಅಂಚಿಗೆ ಗೋಡೆಗಳ ಚಿತ್ರ ಅಂಟಿಸಿ, ಮಡಚಿ ಎಬ್ಬಿಸಿದರೆ ಕಾಗದದ ಕೋಣೆ ನಿಲ್ಲುತ್ತದೆ. ದೀಪದ ಕೆಳಗಿಟ್ಟು, ಬ್ಲೇಡಿನಲ್ಲಿ ಕಿಟಕಿ ಕೊಯ್ಯುತ್ತಾ ಹೋದೆ. ಕಿಟಕಿ ಚಾಪೆಯ ಮಟ್ಟಕ್ಕೆ ಇಳಿದಾಗ ಬೆಳಕು ಕೈ ಮತ್ತು ಬಟ್ಟಲಿನ ಮೇಲೆ ಬಿತ್ತು, ಮೇಲೆಲ್ಲ ಮಬ್ಬು. ಸರಿ, ಅದೇ ಫೈನಲ್.

ತಗ್ಗಿನಲ್ಲಿದ್ದ ಕಾಂಕ್ರೀಟ್ ಬೀಮ್ ಮುಚ್ಚಲಿಲ್ಲ. ಅದರಡಿಯ ಜಾಗ ಚಹಾ ಮಾಡುವವರಿಗೆ. ಸಾಂಪ್ರದಾಯಿಕ ಕೋಣೆಗಳಲ್ಲೂ ಅತಿಥಿಗಿಂತ ಅವರ ತಲೆ ಮೇಲಿನ ಸೂರು ತಗ್ಗಿರುವುದುಂಟು. ಬಾಗಿಲದ್ದೇ ತಲೆನೋವು. ನುಸುಳುವ ನಿಜಿರಿಗುಚಿ ಬಾಗಿಲು ಸಾಮಾನ್ಯವಾಗಿ 66 ಸೆಂ.ಮೀ. ಎತ್ತರ, ಮೊಣಕಾಲು ನೋವಿನವರಿಗೆ ಆಗದ ಮಾತು. ಅದಕ್ಕೇ ನೆಲವನ್ನು 40 ಸೆಂ.ಮೀ. ಏರಿಸಿದೆ. ಅಂಚಿನಲ್ಲಿ ಕೂತು ಕಾಲು ಒಳಗೆಳೆದುಕೊಂಡರೆ ಆಯಿತು, ತಲೆ ಮಾತ್ರ ಬಗ್ಗಿಸಲೇಬೇಕು.

ನೀವೂ ಮಾಡಿಸುವುದಾದರೆ ಮಣ್ಣು ಮೆತ್ತುವ ಮೇಸ್ತ್ರಿಯನ್ನು ಮೊದಲೇ ಹಿಡಿಯಿರಿ. ಜೂನ್ ಮಳೆಯಲ್ಲಿ ಗೋಡೆ ಬೇಗ ಒಣಗುವುದಿಲ್ಲ.