‘ಪೀಡನ’ ಅಂತ ಬರೆದ ಬೋರ್ಡನ್ನು ಇಳಿಸಿದ ಕಥೆ

ಪಂಚಾಯತ್ ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ಗೋಡೆಯಲ್ಲಿ ಆ ಬೋರ್ಡು ಇತ್ತು. ದೊಡ್ಡದಾಗಿ ಮಲಯಾಳದಲ್ಲಿ, ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡದಲ್ಲಿ ‘ಲೈಂಗಿಕ ಪೀಡನ ತಡೆ ಆಂತರಿಕ ಸಮಿತಿ’ ಎಂದು ಬರೆದಿತ್ತು. ಅದರಡಿಯಲ್ಲಿ ನಾಲ್ಕು ಹೆಸರು, ಒಂದು ಫೋನ್ ನಂಬರು. ಆ ನಂಬರಿನವರು ವರ್ಗವಾಗಿ ಹೋಗಿ ಒಂದೂವರೆ ವರ್ಷ ಆಗಿತ್ತು.

ಕೇರಳದ ಗಡಿಯ ಮಂಜೇಶ್ವರ ತಾಲೂಕಿನ ಆ ಪಂಚಾಯತಿನ ಸಮಿತಿಗೆ ನನ್ನನ್ನು ಹೊರಗಿನ ಸದಸ್ಯೆಯಾಗಿ ಸೇರಿಸಿಕೊಂಡರು. ಪಂಚಾಯತಿನ ಹೆಸರು ಬರೆಯುವುದಿಲ್ಲ. ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯಲ್ಲಿ ಹಲವು ವರ್ಷ ಕೌನ್ಸೆಲರ್ ಆಗಿ ಕೆಲಸ ಮಾಡಿದ್ದರಿಂದ ನನ್ನನ್ನು ಕರೆದರು. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ 10 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಇಂಥ ಸಮಿತಿ ಬೇಕು. ಅಧ್ಯಕ್ಷೆ ಅಲ್ಲಿಯದೇ ಹಿರಿಯ ಮಹಿಳಾ ನೌಕರರಾಗಿರಬೇಕು. ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಂಗಸರು ಇರಬೇಕು. ಹೊರಗಿನವರೊಬ್ಬರು ಬೇಕೇ ಬೇಕು. ಕಾಗದದಲ್ಲಿ ಇದೆಲ್ಲ ಸರಿಯಾಗಿಯೇ ಇತ್ತು. ದೂರು ಮಾತ್ರ ಒಂದೂ ಬಂದಿರಲಿಲ್ಲ. ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಮೊದಲ ಕೆಲವು ತಿಂಗಳು ಅದನ್ನು ನಂಬಿದ್ದೆ.

ಒಂದು ದಿನ, ಪಂಚಾಯತಿನಲ್ಲಿ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರ ಶೆಡ್ಡಿನಲ್ಲಿ ಕೂತಿದ್ದೆ. ಮನೆಮನೆಯಿಂದ ತಂದ ಪ್ಲಾಸ್ಟಿಕ್ ವಿಂಗಡಿಸುತ್ತಾ ಹೆಂಗಸರು ತುಳು, ಕನ್ನಡ ಬೆರೆಸಿ ಮಾತಾಡುತ್ತಿದ್ದರು. ಹಿಂದೆ ಕಚೇರಿಯಲ್ಲಿ ತಾತ್ಕಾಲಿಕ ಕೆಲಸಕ್ಕಿದ್ದ ಒಬ್ಬಳು ಹುಡುಗಿಯ ಸುದ್ದಿ ಬಂತು. ಅವಳಿಗೆ ಒಬ್ಬರು ರಾತ್ರಿ ಮೆಸೇಜು ಮಾಡುತ್ತಿದ್ದರಂತೆ. ಅವಳು ಹೇಳಿಕೊಂಡಳು. ಒಂದು ಕೋಣೆಯಲ್ಲಿ ಚಾ ಕುಡಿಸಿ ‘ಮಾತಾಡಿ ಮುಗಿಸಿದರು’. ಅವಳ ಹೇಳಿಕೆಯನ್ನು ಮಲಯಾಳದಲ್ಲಿ ಬರೆದಿದ್ದರು. ಅವಳಿಗೆ ಮಲಯಾಳ ಓದಲು ಬರುವುದಿಲ್ಲ. ಸಹಿ ಹಾಕಿದಳು. ಕುಶಾಲಿಗೆ ಕಳಿಸಿದ್ದನ್ನು ತಪ್ಪಾಗಿ ತಿಳಿದೆ ಎಂದು ಅದರಲ್ಲಿ ಬರೆದಿದ್ದಾರೆ ಅಂತ ಆಮೇಲೆ ಯಾರೋ ಓದಿ ಹೇಳಿದರು. ಎರಡು ವಾರದಲ್ಲಿ ಕೆಲಸ ಬಿಟ್ಟಳು.

ಇದನ್ನು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮತ್ತೆ ಹೋಗಿ, ‘ಸಮಿತಿಗೆ ಯಾಕೆ ದೂರು ಕೊಡಲಿಲ್ಲ?’ ಎಂದು ಕೇಳಿದೆ.

‘ಅಕ್ಕಾ, ಅವಳಿಗೆ ಪೀಡನ ಆಗಲಿಲ್ಲ ಅಲ್ವಾ? ಉಪದ್ರ ಮಾತ್ರ.’

ಈ ಒಂದು ಮಾತಿನಿಂದ ನನಗೆ ವಿಷಯ ಗೊತ್ತಾಯಿತು. ನಮ್ಮ ಕಡೆ ದಿನಾ ಮಲಯಾಳ ವಾರ್ತೆ ಕೇಳುವವರಿಗೆ ‘ಪೀಡನ’ ಎಂದರೆ ಅತ್ಯಾಚಾರ. ಪತ್ರಿಕೆಯವರು ಆ ಶಬ್ದವನ್ನು ಹಾಗೆಯೇ ಬಳಸಿ ಬಳಸಿ ರೂಢಿಯಾಗಿದೆ. ಬೋರ್ಡು ನೋಡಿದ ಹೆಂಗಸಿಗೆ, ಅಷ್ಟು ದೊಡ್ಡದು ಆದರೆ ಮಾತ್ರ ಇಲ್ಲಿ ಬರಬೇಕು ಅಂತ ಅನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಶಬ್ದ ಹೇಳಿ ದೂರು ಕೊಟ್ಟರೆ ಊರವರು ಅವಳ ಬಗ್ಗೆ ಏನು ತಿಳಿದುಕೊಳ್ಳುತ್ತಾರೆ ಎಂಬ ಹೆದರಿಕೆ. ಆ ಬೋರ್ಡು ಹೆಂಗಸರನ್ನು ದೂರವೇ ಇಡುತ್ತಿತ್ತು.

ಅದನ್ನು ಇಳಿಸಿದೆವು. ಕಾಯ್ದೆಯಲ್ಲಿ ಲೈಂಗಿಕ ಕಿರುಕುಳ ಎಂದರೆ ಏನು ಎಂದು ಐದು ಸಾಲಿನಲ್ಲಿ ಹೇಳಿದ್ದಾರೆ. ಆ ಐದನ್ನು ಶೆಡ್ಡಿನ ಹೆಂಗಸರ ಬಾಯಲ್ಲೇ ಹೇಳಿಸಿ ಬರೆದುಕೊಂಡೆ. ಒಂದು, ಇಷ್ಟ ಇಲ್ಲದೆ ಮೈ ಮುಟ್ಟುವುದು, ಒರಸಿಕೊಂಡು ಹೋಗುವುದು. ಎರಡು, ‘ನಾನು ಹೇಳಿದ ಹಾಗೆ ಕೇಳಿದರೆ ಕೆಲಸ ಉಳಿಯುತ್ತದೆ’ ಎನ್ನುವ ಥರದ ಬೇಡಿಕೆ. ಮೂರು, ಅಸಹ್ಯ ಮಾತು, ಕುಶಾಲು. ನಾಲ್ಕು, ಕೆಟ್ಟ ಚಿತ್ರ, ವಿಡಿಯೋ ತೋರಿಸುವುದು, ಕಳಿಸುವುದು. ಐದು, ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ, ನೋಟದಲ್ಲಾಗಲಿ ಲೈಂಗಿಕವಾಗಿ ಕೊಡುವ ಬೇರೆ ಯಾವುದೇ ಉಪದ್ರ. ಹೌದು, ‘ಉಪದ್ರ’ ಎಂದೇ ಬರೆಸಿದೆವು. ಅದು ಸರಕಾರಿ ಭಾಷೆ ಅಲ್ಲ ಎಂದು ಒಬ್ಬ ಗುಮಾಸ್ತರು ತಕರಾರು ತೆಗೆದರು. ಓದುವವರು ಸರಕಾರ ಅಲ್ಲ, ಇಲ್ಲಿನ ಹೆಂಗಸರು ಎಂದು ಅಧ್ಯಕ್ಷೆ ಮೇಡಂ ಹೇಳಿದರು. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಆವತ್ತು.

ಕನ್ನಡ ಮತ್ತು ಮಲಯಾಳ ಎರಡೂ ಒಂದೇ ಅಳತೆಯ ಅಕ್ಷರದಲ್ಲಿ ಬಂತು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು ಎಂದಿದೆ. ನಾವು ಅದನ್ನು ಅರ್ಜಿ, ರೇಷನ್ ಕಾರ್ಡಿಗೆ ಮಾತ್ರ ನೆನಪು ಮಾಡಿಕೊಳ್ಳುತ್ತೇವೆ. ದೂರಿಗೆ ಅದು ಇನ್ನೂ ಮುಖ್ಯ. ಈಗ ನಮ್ಮ ನಿಯಮ ಹೀಗಿದೆ: ದೂರು ಕೊಡುವವಳು ಯಾವ ಭಾಷೆಯಲ್ಲಿ ಹೇಳುತ್ತಾಳೋ ಆ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆಯುವುದು, ಓದಿ ಹೇಳುವುದು, ಆಮೇಲೆ ಸಹಿ. ಮಲಯಾಳ ಅನುವಾದ ಬೇಕಾದರೆ ಅದು ಬೇರೆ ಕಾಗದ. ಬರೆಯಲು ಬಾರದವಳಿಗೆ ಬರೆದುಕೊಡುವುದು ಸಮಿತಿಯ ಕರ್ತವ್ಯ, ಉಪಕಾರ ಅಲ್ಲ. 2013ರ ಕಾಯ್ದೆಯಲ್ಲೇ ಹಾಗಿದೆ.

ಶೆಡ್ಡಿನಲ್ಲಿ ನಾನು ಭಂವರಿ ದೇವಿಯ ವಿಷಯ ಹೇಳಿದೆ. ರಾಜಸ್ಥಾನದಲ್ಲಿ ಸರಕಾರದ ಯೋಜನೆಯಡಿ ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದವರು. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಅತ್ಯಾಚಾರ ಆಯಿತು. ಆ ನೋವಿನಿಂದ ಎದ್ದ ಹೋರಾಟದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, ಅದರಿಂದ 2013ರ ಕಾಯ್ದೆ ಬಂತು. ‘ಅವರೂ ನಮ್ಮ ಹಾಗೆ ಮನೆಮನೆ ತಿರುಗುವವರೇ ಅಲ್ವಾ’ ಎಂದಳು ಒಬ್ಬಳು. ನಾನು ತಯಾರಿಸಿಟ್ಟಿದ್ದ ಭಾಷಣಕ್ಕಿಂತ ಆ ಮಾತು ಜಾಸ್ತಿ ಕೆಲಸ ಮಾಡಿತು. ಕೆಲಸದ ಸಲುವಾಗಿ ಹೋದ ಮನೆ, ಹತ್ತಿದ ಗಾಡಿ ಕೂಡ ಕೆಲಸದ ಜಾಗವೇ ಎಂದು ಅವರಿಗೆ ಮೊದಲ ಬಾರಿ ಗೊತ್ತಾಯಿತು. ಸಂಬಳದ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೂ ದೂರು ಕೊಡಬಹುದು ಎಂಬುದು ಕೂಡ.

ಇನ್ನು ಸಭಾಂಗಣ. ನಿಜವಾಗಿ ಕಷ್ಟ ಇದ್ದದ್ದು ಅಲ್ಲಿ.

ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ 2010ರ ಚುನಾವಣೆಯಿಂದ ಅರ್ಧ ಸೀಟು ಹೆಂಗಸರಿಗೆ. ಆದರೆ ಸೀಟು ಸಿಕ್ಕಿದರೆ ಮಾತು ಸಿಗುತ್ತದೆ ಎಂದಿಲ್ಲ. ಅನುಮತಿ ಪಡೆದು ಮೂರು ಸಭೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಗಂಡಸರನ್ನು ‘ಮೆಂಬರೇ’ ಎಂದು ಕರೆಯುತ್ತಾರೆ. ಮೊದಲ ಬಾರಿ ಗೆದ್ದ ಹುಡುಗಿಯನ್ನು ‘ಮೋಳೇ’ (ಮಲಯಾಳದಲ್ಲಿ ‘ಮಗಳೇ’) ಎನ್ನುತ್ತಾರೆ. ಅವಳು ರಸ್ತೆಯ ಲೆಕ್ಕ ಕೇಳಿದರೆ, ‘ಗಂಡ ಕೇಳಿ ಕಳಿಸಿದ್ದಾ?’ ಎನ್ನುತ್ತಾರೆ. ಪರಿಶಿಷ್ಟ ಜಾತಿ ಮೀಸಲು ವಾರ್ಡಿನ ಸದಸ್ಯೆ ಎದ್ದು ನಿಂತರೆ ಅಕ್ಕಪಕ್ಕದಲ್ಲಿ ಮಾತು ಶುರು. ಕನ್ನಡದಲ್ಲಿ ಹೇಳಿದ್ದು ನಡಾವಳಿಯಲ್ಲಿ ಬರುವುದೇ ಇಲ್ಲ. ಇದ್ಯಾವುದೂ ಆ ಐದು ಸಾಲಿನಲ್ಲಿ ಸೇರುವುದಿಲ್ಲ. ಇದು ಭೇದಭಾವ. ಆದರೆ ಇದನ್ನು ಸುಮ್ನೆ ಬಿಟ್ಟ ಸಭೆಯಲ್ಲೇ ಆ ಐದಕ್ಕೂ ಧೈರ್ಯ ಬರುತ್ತದೆ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಒಂದು ತರಬೇತಿ ಇಟ್ಟೆವು. 2024ರ ಆಗಸ್ಟಿನಲ್ಲಿ, ಮಲಯಾಳ ಸಿನಿಮಾರಂಗದ ಹೆಂಗಸರ ಕಷ್ಟಗಳ ಬಗ್ಗೆ ಹೇಮಾ ಕಮಿಟಿ ವರದಿ ಹೊರಬಂದ ಹೊಸತು, ಎಲ್ಲರ ಬಾಯಲ್ಲೂ ಅದೇ. ‘ಅದು ಸಿನಿಮಾದವರ ವಿಷಯ’ ಎಂದರು ಒಬ್ಬ ಹಿರಿಯ ಸದಸ್ಯರು. ಆಗ ನಾನು, ಜಗತ್ತಿನ ಸಂಸತ್ತುಗಳ ಸಂಘಟನೆಯಾದ ಅಂತರ್ ಸಂಸದೀಯ ಒಕ್ಕೂಟದ 2016ರ ಅಧ್ಯಯನ ಹೇಳಿದೆ. 39 ದೇಶಗಳ 55 ಸಂಸದೆಯರನ್ನು ಮಾತಾಡಿಸಿದ್ದರು. ನೂರರಲ್ಲಿ 80ಕ್ಕಿಂತ ಹೆಚ್ಚು ಮಂದಿ ಮಾನಸಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ‘ಪಾರ್ಲಿಮೆಂಟಿನವರಿಗೂ ಉಂಟಾ ಇದು?’ ಎಂದಳು ‘ಮೋಳೇ’ ಎನಿಸಿಕೊಂಡ ಆ ಸದಸ್ಯೆ. ಆಮೇಲೆ ಎದ್ದು ನಿಂತಳು. ‘ಅಣ್ಣಾ, ನೀವು ಕೊಂಡಾಟದಿಂದಲೇ ಕರೆಯುವುದು, ನನಗೆ ಗೊತ್ತುಂಟು. ಮನೆಗೆ ಬಂದಾಗ ಹಾಗೆ ಕರೆಯಿರಿ. ಇಲ್ಲಿ ನಾನು ಮೆಂಬರ್.’ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಹಿರಿಯರು ತಲೆಯಾಡಿಸಿದರು. ಮುಂದಿನ ಸಭೆಯಲ್ಲಿ ಎರಡು ಸಲ ಬಾಯಿತಪ್ಪಿ, ಎರಡೂ ಸಲ ತಾವೇ ತಿದ್ದಿಕೊಂಡರು.

ಆಡಳಿತ ಸಮಿತಿಯಲ್ಲಿ ಒಂದು ನಿರ್ಣಯ ಮಾಡಿಸಿದೆವು. ಎಲ್ಲರಿಗೂ ಒಂದೇ ಸಂಬೋಧನೆ. ಒಬ್ಬರು ಮಾತಾಡುವಾಗ ಅಡ್ಡ ಬಾಯಿ ಹಾಕಿದರೆ ಅಧ್ಯಕ್ಷರು ನಿಲ್ಲಿಸಬೇಕು. ಸದಸ್ಯೆಯ ಗಂಡನಿಗೆ ಸಭೆಯೊಳಗೆ ಜಾಗ ಇಲ್ಲ. ಕಾರ್ಯಸೂಚಿ ಕನ್ನಡದಲ್ಲೂ ಬರಬೇಕು. ಇದಕ್ಕೆ ಕಾಯ್ದೆಯ ಬಲ ಇಲ್ಲ, ಒಪ್ಪಿಕೊಂಡವರ ಮರ್ಯಾದೆಯೇ ಬಲ. ಕಾರ್ಯಸೂಚಿಯ ಕನ್ನಡ ಪ್ರತಿ ಈಗಲೂ ಸಭೆಯ ಹಿಂದಿನ ಸಂಜೆ ಬರುತ್ತದೆ. ಅದರ ಬಗ್ಗೆ ಪ್ರತಿ ತಿಂಗಳೂ ಹೇಳುತ್ತಿದ್ದೇನೆ.

ದೊಡ್ಡ ತೊಡಕು ಇನ್ನೊಂದು. ನೌಕರರ ಮೇಲೆ ದೂರು ಬಂದರೆ ದಾರಿ ಸ್ಪಷ್ಟ: ವಿಚಾರಣೆ, ವರದಿ, ಶಿಸ್ತುಕ್ರಮ. ಆರಿಸಿ ಬಂದ ಸದಸ್ಯನ ಮೇಲೆ ಬಂದರೆ? ಅವರನ್ನು ಸಸ್ಪೆಂಡ್ ಮಾಡಲು ಕಾರ್ಯದರ್ಶಿಗೆ ಅಧಿಕಾರ ಇಲ್ಲ. ‘ಹಾಗಾದರೆ ನಾವು ಕೈ ಹಾಕುವುದು ಬೇಡ’ ಎಂದು ಸಮಿತಿಯಲ್ಲೇ ಮಾತು ಬಂತು. ನಾನು ಒಪ್ಪಲಿಲ್ಲ. ಕಾಯ್ದೆಯಲ್ಲಿ ಪ್ರತಿವಾದಿ ಎಂದರೆ ಯಾರ ಮೇಲೆ ದೂರು ಬಂದಿದೆಯೋ ಆ ವ್ಯಕ್ತಿ, ಅಷ್ಟೇ. ಶಿಕ್ಷೆ ನಮ್ಮ ಕೈಯಲ್ಲಿ ಇಲ್ಲದಿದ್ದರೂ ಅವಳನ್ನು ಕಾಪಾಡುವುದು ನಮ್ಮ ಕೈಯಲ್ಲಿದೆ. ಅವಳ ಫೈಲು ಆ ಸದಸ್ಯರ ಕೈಗೆ ಹೋಗದ ಹಾಗೆ ಮಾಡಬಹುದು. ಅವಳು ಕೇಳಿದರೆ ವರ್ಗ ಅಥವಾ 3 ತಿಂಗಳವರೆಗೆ ರಜೆಗೆ ಶಿಫಾರಸು ಮಾಡಬಹುದು. ಪೊಲೀಸರಿಗೆ ದೂರು ಕೊಡಬೇಕು ಎಂದರೆ ಕಚೇರಿಯೇ ಸಹಾಯ ಮಾಡಬೇಕು. ಕಚೇರಿಯ ಮುಖ್ಯಸ್ಥರ ಮೇಲೆಯೇ ದೂರು ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಈ ದಾರಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬೋರ್ಡಿನ ಪಕ್ಕ ಅಂಟಿಸಿದೆವು.

ದಿನಗಳ ಲೆಕ್ಕವನ್ನೂ ಅದರಲ್ಲೇ ಹಾಕಿದೆವು. ಘಟನೆ ಆಗಿ 3 ತಿಂಗಳೊಳಗೆ ದೂರು, ಕಾರಣ ಇದ್ದರೆ ಇನ್ನೂ 3 ತಿಂಗಳು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ದೂರು ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರು ಅಲ್ಲ. ಈ ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ.

ಆಮೇಲೆ ದೂರು ಬಂತಾ ಎಂದು ಕೆಲವರು ಕೇಳುತ್ತಾರೆ. ಬಂದಿದೆ. ವಿವರ ಬರೆಯುವ ಹಾಗಿಲ್ಲ. ಹೆಸರು, ವಿಚಾರಣೆಯ ಸಂಗತಿ ಹೊರಗೆ ಹಾಕಬಾರದು ಎಂದು ಕಾಯ್ದೆ ಹೇಳುತ್ತದೆ. ನಾನೂ ಅದನ್ನು ಮನಸ್ಸಿನಿಂದ ಒಪ್ಪಿದ್ದೇನೆ. ಮೊದಲ ಫೋನು ಬಂದ ರೀತಿ ಮಾತ್ರ ಹೇಳಬಹುದು. ರಾತ್ರಿ ಒಂಬತ್ತು ದಾಟಿತ್ತು. ಆ ಕಡೆಯ ಹೆಂಗಸು ಸುಮಾರು ಹೊತ್ತು ಮಳೆ, ಮಕ್ಕಳು ಎಂದು ಏನೇನೋ ಮಾತಾಡಿದಳು. ಆಮೇಲೆ ಧ್ವನಿ ಸಣ್ಣ ಮಾಡಿದಳು.

‘ಅಕ್ಕಾ, ಬೋರ್ಡಿನಲ್ಲಿ ಉಂಟಲ್ಲಾ, ಅದರಲ್ಲಿ ಮೂರನೆಯದ್ದು. ನಾಲ್ಕನೆಯದ್ದು ಸಹ.’

ಬೇರೆ ಯಾವ ಶಬ್ದವನ್ನೂ ಅವಳು ಹೇಳಬೇಕಾಗಿ ಬರಲಿಲ್ಲ. ನಾಳೆ ಬೆಳಗ್ಗೆ ನಾನೇ ಮನೆಗೆ ಬರುತ್ತೇನೆ, ಬರೆಯಲು ಕಾಗದ ತರುತ್ತೇನೆ ಎಂದೆ.