ಮೂರನೆಯ ಚರ ಸೇರಿದಾಗ ಮಾಹಿತಿಯ ಲೆಕ್ಕ ಹಾಕುವುದು ಹೇಗೆ?

ಹಲವು ಚರಗಳಿರುವ ದತ್ತಾಂಶ ಸಿಕ್ಕ ಕೂಡಲೇ ಎರಡೆರಡನ್ನೇ ಜೋಡಿಸಿ ನೋಡುವುದು ಎಲ್ಲರ ಅಭ್ಯಾಸ. ನನ್ನ ಹತ್ತಿರ ಕಲಿಯಲು ಬಂದವರಿಗೆ ನಾನು ಮೊದಲು ಕೈಲೆಕ್ಕವನ್ನೇ ಮಾಡಿಸುತ್ತೇನೆ. ನೀವೂ ಕಾಗದ ತೆಗೆದುಕೊಳ್ಳಿ.

ಅ, ಬ ಎರಡು ನಾಣ್ಯಗಳು; ಬೆಲೆ 0 ಅಥವಾ 1. ಎರಡೂ ಬೇರೆಬೇರೆ ಬಿದ್ದರೆ ಕ 1, ಒಂದೇ ಆದರೆ 0. ನಾಲ್ಕೇ ಸಾಲಿನ ಕೋಷ್ಟಕ. ಅ ಒಂದನ್ನೇ ನೋಡಿ ಕ ಹೇಳಿ ನೋಡೋಣ: ಆಗುವುದಿಲ್ಲ, ಪರಸ್ಪರ ಮಾಹಿತಿ (ಒಂದನ್ನು ನೋಡಿದರೆ ಇನ್ನೊಂದರ ಬಗ್ಗೆ ಎಷ್ಟು ತಿಳಿಯುತ್ತದೆ ಎಂಬ ಅಳತೆ) 0 ಬಿಟ್. ಒಂದು ನಾಣ್ಯ ಹೇಗೆ ಬಿತ್ತು ಎಂದು ತಿಳಿದಾಗ ಸಿಗುವ ಮಾಹಿತಿಯೇ 1 ಬಿಟ್. ಬ ಕಥೆಯೂ ಅಷ್ಟೇ. ಎರಡನ್ನೂ ಒಟ್ಟಿಗೆ ನೋಡಿದರೆ ಪೂರ್ತಿ 1 ಬಿಟ್! ಜೋಡಿ ಜೋಡಿಯಾಗಿ ಎಷ್ಟು ತಡಕಿದರೂ ಇದು ಕಣ್ಣಿಗೆ ಬೀಳುವುದಿಲ್ಲ.

ಈಗ ನಿಯಮ ಬದಲಿಸಿ: ಎರಡೂ 1 ಆದಾಗ ಮಾತ್ರ ಕ 1. ಕ ಎಂಟ್ರೊಪಿ, ಅಂದರೆ ಅದರ ಅನಿಶ್ಚಿತತೆಯ ಅಳತೆ, 0.811 ಬಿಟ್. ಅ 0 ಆಗಿದ್ದರೆ ಕ ಖಚಿತ. 1 ಆಗಿದ್ದರೆ ಇನ್ನೂ 1 ಬಿಟ್ ಅನಿಶ್ಚಿತ. ಸರಾಸರಿ ಉಳಿಯುವುದು 0.5. ಹಾಗಾಗಿ ಅ ಕೊಡುವುದು 0.311, ಬ ಕೊಡುವುದೂ 0.311. ಇವೆರಡನ್ನು ಕೂಡಿ, ಜಂಟಿಯಾಗಿ ಸಿಗುವ 0.811 ಕಳೆಯಿರಿ: ಸುಮಾರು −0.189. ಋಣ ಬಂದರೆ ಕೂಡಿದಾಗಲಷ್ಟೇ ಸಿಗುವ ಮಾಹಿತಿ ಹೆಚ್ಚು. ಧನ ಬಂದರೆ ಒಂದೇ ಮಾಹಿತಿ ಇಬ್ಬರಲ್ಲೂ ಇದೆ, ಅಂದರೆ ಪುನರುಕ್ತಿ ಹೆಚ್ಚು. ಮನಶ್ಶಾಸ್ತ್ರಜ್ಞ ವಿಲಿಯಂ ಮ್ಯಾಕ್‌ಗಿಲ್ 1954ರಲ್ಲಿ ಕೊಟ್ಟ ಅಳತೆ ಇದೇ ಜಾತಿಯದು. ಕೆಲವರು ಚಿಹ್ನೆಯನ್ನು ತಿರುಗಿಸಿ ಬರೆಯುತ್ತಾರೆ, ಆದ್ದರಿಂದ ಯಾವ ಸೂತ್ರ ಬಳಸಿದಿರಿ ಎಂದು ತಪ್ಪದೆ ನಮೂದಿಸಿ.

ಈ ಒಂದೇ ಸಂಖ್ಯೆಯನ್ನು ಮಾತ್ರ ನಂಬಿ ಕೂರಬೇಡಿ. ಅದು ಬರೀ ನಿವ್ವಳ. ವಿಲಿಯಮ್ಸ್ ಮತ್ತು ಬೀರ್ 2010ರಲ್ಲಿ ತೋರಿಸಿದ ವಿಭಜನೆಯಲ್ಲಿ ಇದೇ ಉದಾಹರಣೆ 0.311 ಪುನರುಕ್ತಿ, 0.5 ಸಹಯೋಗ (ಕೂಡಿದಾಗಲಷ್ಟೇ ಸಿಗುವ ಮಾಹಿತಿ) ಎಂದು ಒಡೆಯುತ್ತದೆ. ಎರಡೂ ಸಮವಾಗಿದ್ದರೆ ನಿವ್ವಳ ಸೊನ್ನೆಯಾಗಿ, ಏನೂ ಇಲ್ಲ ಎಂಬ ಭ್ರಮೆ ಹುಟ್ಟುತ್ತಿತ್ತು. ಪುನರುಕ್ತಿಯನ್ನು ಅಳೆಯುವ ಸರಿಯಾದ ದಾರಿ ಯಾವುದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನನಗಂತೂ ಈ ವಿಷಯದ ಸೊಗಸೇ ಅಲ್ಲಿದೆ.

ಚರಗಳು ಹೆಚ್ಚಾದರೆ ವತನಾಬೆಯವರ 1960ರ ಒಟ್ಟು ಸಹಸಂಬಂಧದಿಂದ ಶುರು ಮಾಡಿ: ಬಿಡಿ ಎಂಟ್ರೊಪಿಗಳ ಮೊತ್ತದಿಂದ ಜಂಟಿ ಎಂಟ್ರೊಪಿ ಕಳೆದರಾಯಿತು.

ನಿಜವಾದ ದತ್ತಾಂಶಕ್ಕೆ ಬಂದಾಗ ಮಾದರಿಯ ಗಾತ್ರ ನೋಡಿಕೊಳ್ಳಿ. 0–1 ಚರಗಳು ಹತ್ತೇ ಇದ್ದರೂ ಕೋಷ್ಟಕಕ್ಕೆ 1024 ಮನೆಗಳು. ಮಾದರಿ ಚಿಕ್ಕದಾದರೆ ಸಂಬಂಧವೇ ಇಲ್ಲದ ಕಡೆಯೂ ಮಾಹಿತಿ ಇದ್ದಂತೆ ಕಾಣುತ್ತದೆ. ಕ ಕಾಲಮ್ಮಿನ ಬೆಲೆಗಳ ಕ್ರಮವನ್ನು ಮನಬಂದಂತೆ ಕಲಸಿ ಮತ್ತೆ ಮತ್ತೆ ಲೆಕ್ಕ ಹಾಕಿ. ಕಲಸಿದಾಗಲೂ ಅಷ್ಟೇ ಬಂದರೆ ಆ ಫಲಿತಾಂಶವನ್ನು ಬಿಟ್ಟುಬಿಡಿ.